ಹೊಸ ಡಿಸ್ಕ್ ತಗೊಳ್ಳೋ ಮುಂಚೆ ಕೇಬಲ್ ನೋಡಿ

ನಮಸ್ಕಾರ. ಹಳೇ ಪಿಸಿಯಲ್ಲಿ ಕಟ್ಟಿಕೊಂಡ ಸರ್ವರ್‌ನಲ್ಲಿ ಒಂದು ಹಾರ್ಡ್ ಡಿಸ್ಕ್ ಆಗಾಗ ಕಾಣೆಯಾಗುತ್ತದೆ, ಹೊಸದು ತಗೋಬೇಕಾ ಅಂತ ಕೇಳಿದ್ದೀರಿ. ಸುಮ್ನೆ ದುಡ್ಡು ಹಾಕಬೇಡಿ. ಆದರೆ ಬ್ಯಾಕಪ್ ಮಾತ್ರ ಇವತ್ತೇ ತೆಗೆದಿಡಿ.

ಆಮೇಲೆ ಸ್ಮಾರ್ಟ್ ರಿಪೋರ್ಟ್, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ, ತೆಗೆಯಿರಿ. 5 ಮತ್ತು 197 ನಂಬರಿನ ಸಾಲುಗಳ (ಡಿಸ್ಕ್‌ನಲ್ಲಿ ಕೆಟ್ಟ, ಕೆಡುತ್ತಿರಬಹುದಾದ ಜಾಗಗಳ ಎಣಿಕೆ) ಕೊನೆಯ ಸಂಖ್ಯೆ ಏರುತ್ತಿದ್ದರೆ ಡಿಸ್ಕೇ ಹೋಗುತ್ತಿದೆ. ಅವೆರಡೂ ಸೊನ್ನೆಯಿದ್ದು 199 (ಡೇಟಾ ಸಾಗುವಾಗ ಆದ ತಪ್ಪುಗಳ ಎಣಿಕೆ) ಮಾತ್ರ ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಸಾಟಾ ಕೇಬಲ್‌ದು, ಅಂದರೆ ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಡೇಟಾ ವೈರ್‌ದು. ಬದಲಿಸಿ. ಹಳೇ ಎಣಿಕೆ ಇಳಿಯುವುದಿಲ್ಲ, ಮುಂದೆ ಏರದಿದ್ದರೆ ಸಾಕು. ಆಗಲೂ ಏರಿದರೆ ಡಿಸ್ಕನ್ನು ಮದರ್‌ಬೋರ್ಡ್‌ನ ಬೇರೆ ಪೋರ್ಟ್‌ಗೆ ಹಾಕಿ. ತೊಂದರೆ ಡಿಸ್ಕ್ ಜೊತೆ ಹೋಯಿತಾ, ಪೋರ್ಟ್‌ನಲ್ಲೇ ಉಳಿಯಿತಾ ಗೊತ್ತಾಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯಲ್ಲ.

ಡಿಸ್ಕ್ ಕಾಣೆಯಾಗೋದು ಮಧ್ಯಾಹ್ನವೇ ಜಾಸ್ತಿ ಅಂದಿರಲ್ವಾ? ಹಾಗಾದರೆ ಬಿಸಿಯನ್ನೂ ನೋಡಬೇಕು. ನಮ್ಮ ದಾವಣಗೆರೆ ಬೇಸಿಗೆಯಲ್ಲಿ ಮುಚ್ಚಿದ ಶೆಲ್ಫ್ ಒಳಗೆ ಸರ್ವರ್ ಇಡಬಾರದು. ಡಿಸ್ಕ್ 50 ಡಿಗ್ರಿ ದಾಟುತ್ತಿದ್ದರೆ ಧೂಳು ತೆಗೆದು, ಎದುರಿಗೊಂದು ಫ್ಯಾನ್ ಹಾಕಿ.

ಪವರ್ ಕಡೆಯೂ ಗಮನವಿರಲಿ. ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟ್ ಲೈನ್‌ನಿಂದ ಸುಮಾರು 2 ಆಂಪ್ ಎಳೆಯುತ್ತದೆ. ಒಂದೇ ಸ್ಪ್ಲಿಟರ್‌ಗೆ (ಒಂದು ಪವರ್ ವೈರನ್ನು ಹಲವು ಡಿಸ್ಕ್‌ಗೆ ಹಂಚುವ ತುಂಡು) ನಾಲ್ಕು ಡಿಸ್ಕ್ ಜೋಡಿಸಿದ್ದರೆ ಅದು ತಡೆಯದೇ ಇರಬಹುದು. ಆಫ್ ಮಾಡಿ, ಪ್ಲಗ್ ಕಿತ್ತು, ಕನೆಕ್ಟರ್ ಬಿಚ್ಚಿ ನೋಡಿ. ಹಳದಿ ವೈರ್ (12 ವೋಲ್ಟ್‌ದು) ಹತ್ತಿರ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ್ದರೆ ಆ ಸ್ಪ್ಲಿಟರ್ ಬಿಸಾಕಿ, ಮತ್ತೆ ಹಾಕಲೇಬೇಡಿ. ಬೆಂಕಿ ಹತ್ತಬಹುದು. ರಿಪೋರ್ಟ್ ಬಂದಮೇಲೆ ಆ ಮೂರು ಸಾಲು ಇಲ್ಲಿ ಹಾಕಿ, ಕೂತು ನೋಡೋಣ.