ಕಣ್ಣಿಲ್ಲದ ಬ್ಯಾಕ್ಟೀರಿಯಾಕ್ಕೆ ವಿಟಮಿನ್ ಬಿ12ರಿಂದ ಬೆಳಕು ಗೊತ್ತಾಗುವುದು ಹೇಗೆ?

ಕಾರ್‌ಎಚ್ ಎಂಬ ಪ್ರೋಟೀನನ್ನು ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬಿಸಿನೀರಿನ ಬುಗ್ಗೆಗಳಲ್ಲಿ ಬದುಕುವ ಥರ್ಮಸ್ ಥರ್ಮೋಫಿಲಸ್ ಬ್ಯಾಕ್ಟೀರಿಯಾದಲ್ಲಿ ಇದು ಇದೆ.

ಕತ್ತಲಲ್ಲಿ ಕಾರ್‌ಎಚ್, ಬಿ12ರ ಒಂದು ರೂಪವಾದ ಅಡೆನೋಸಿಲ್‌ಕೋಬಾಲಮಿನ್ ಅನ್ನು ಹಿಡಿದುಕೊಂಡಿರುತ್ತದೆ. ಆಗ ಇಂಥ ನಾಲ್ಕು ಪ್ರೋಟೀನ್‌ಗಳು ಒಟ್ಟಾಗಿ ಡಿಎನ್‌ಎ ಮೇಲೆ ಕೂತು, ಕ್ಯಾರೊಟಿನಾಯ್ಡ್ ತಯಾರಿಸುವ ಜೀನ್‌ಗಳನ್ನು ಅದುಮಿಡುತ್ತವೆ. ಕ್ಯಾರೆಟ್‌ಗೆ ಬಣ್ಣ ಕೊಡುವುದೂ ಇದೇ ಗುಂಪಿನ ವಸ್ತು. ಕೋಶವನ್ನು ಬೆಳಕಿನ ಹಾನಿಯಿಂದ ಕಾಯುವುದು ಅದರ ಕೆಲಸ. ಕತ್ತಲಲ್ಲಿ ಅದನ್ನು ಸುಮ್ನೆ ಯಾಕೆ ಮಾಡಬೇಕು, ಅಲ್ವಾ?

ಈ ಬಿ12ರ ನಡುವೆ ಒಂದು ಕೋಬಾಲ್ಟ್ ಪರಮಾಣು ಇದೆ. ಅದಕ್ಕೆ ಅಡೆನೋಸಿಲ್ ಭಾಗದ ಇಂಗಾಲ ಅಂಟಿಕೊಂಡಿರುತ್ತದೆ. ಈ ಬಂಧ ತೀರಾ ನಾಜೂಕು. ನೀಲಿ ಅಥವಾ ಹಸಿರು ಬೆಳಕು ಬಿದ್ದರೆ ಮುರಿಯುತ್ತದೆ. ಅಡೆನೋಸಿಲ್ ಕಳಚಿಕೊಂಡ ಮೇಲೆ ಪ್ರೋಟೀನಿನದೇ ಹಿಸ್ಟಿಡಿನ್ ಎಂಬ ಒಂದು ಅಮೈನೋ ಆಮ್ಲ ಬಂದು ಕೋಬಾಲ್ಟನ್ನು ಹಿಡಿಯುತ್ತದೆ. ಇಷ್ಟರಲ್ಲಿ ಆಕಾರ ಬದಲಾಗಿ ನಾಲ್ಕರ ಗುಂಪು ಒಡೆದಿರುತ್ತದೆ. ಡಿಎನ್‌ಎ ಮೇಲಿನ ಹಿಡಿತ ತಪ್ಪುತ್ತದೆ, ಜೀನ್‌ಗಳು ಕೆಲಸ ಶುರು ಮಾಡುತ್ತವೆ. 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಕಾರ್‌ಎಚ್ ರಚನೆಗಳಲ್ಲಿ ಈ ಬದಲಾವಣೆ ಕಾಣುತ್ತದೆ.

ನನಗೆ ಇದರಲ್ಲಿ ಜಾಸ್ತಿ ಹಿಡಿಸಿದ್ದು ಒಂದು ವಿಷಯ. ಎಷ್ಟೋ ಕಿಣ್ವಗಳಲ್ಲಿ ಇದೇ ಬಂಧ ಮುರಿದಾಗ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಚುರುಕಾದ ತುಣುಕು, ಅಂದರೆ ರ‍್ಯಾಡಿಕಲ್ ಹುಟ್ಟಿ, ಪಕ್ಕದ ಅಣುಗಳ ಮೇಲೆ ಎರಗುತ್ತದೆ. ಕಾರ್‌ಎಚ್ ಮಾತ್ರ ಕಳಚಿದ ತುಂಡನ್ನು ಅನ್‌ಹೈಡ್ರೋಅಡೆನೋಸಿನ್ ಎಂಬ ಸಾಧು ವಸ್ತುವಾಗಿ ಬಿಟ್ಟುಕೊಡುತ್ತದೆ.

ವಿಟಮಿನ್ ಬಿ2ರಿಂದ ಬರುವ ಫ್ಲೇವಿನ್ ಬಳಸುವ ಬೆಳಕಿನ ಪ್ರೋಟೀನ್‌ಗಳೂ ಇವೆ. ಅವು ಸಾಮಾನ್ಯವಾಗಿ ಕತ್ತಲಾದಾಗ ತಾವಾಗಿ ಮೊದಲಿನಂತಾಗುತ್ತವೆ. ಕಾರ್‌ಎಚ್‌ನಲ್ಲಿ ಮುರಿದ ಬಂಧ ಹಾಗೆ ಕತ್ತಲಲ್ಲಿ ಮತ್ತೆ ಕೂಡಿಕೊಳ್ಳುವುದಿಲ್ಲ.