ಕಂಪ್ಯೂಟರಿನಲ್ಲಿ ಒಂಬತ್ತು ಮಾತ್ರೆ, ಡಬ್ಬಿಯಲ್ಲಿ ಎಂಟು

ಪ್ರಶ್ನೆ: ನಮ್ಮ ಮಾವನವರಿಗೆ 68 ವರ್ಷ. ಎರಡು ವರ್ಷದ ಹಿಂದೆ ಮಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿದೆವು. ಬಿಪಿ, ಶುಗರ್‌ಗೆ ಇಲ್ಲೇ ತೋರಿಸುತ್ತೇವೆ. ಮೊನ್ನೆ ಮಂಗಳೂರಿನಲ್ಲಿ ಕೊಟ್ಟ ಪ್ರಿಂಟ್‌ನಲ್ಲಿ ಒಂಬತ್ತು ಮಾತ್ರೆ ಇವೆ. ಅವರು ನುಂಗುವುದು ಎಂಟು. ಅದರಲ್ಲಿ ಎರಡು ಪಟ್ಟಿಯಲ್ಲಿಲ್ಲ, ಪಟ್ಟಿಯ ಮೂರು ಮನೆಯಲ್ಲಿಲ್ಲ. ಸಂಜೆಗೆ ಪಾದ ಊದುತ್ತದೆ. ಕಂಪ್ಯೂಟರಿನಲ್ಲಿ ಇದ್ದ ಹಾಗೇ ಕೊಡಬೇಕೇ?
– ಓದುಗರು, ಕುಮಟಾ

ಉತ್ತರ: ಬೇಡ. ಹಾಗಂತ ಯಾವುದನ್ನೂ ನೀವೇ ನಿಲ್ಲಿಸುವುದೂ ಬೇಡ.

ವೈದ್ಯರು ಏನು ಬರೆದರು ಎಂಬುದಷ್ಟೇ ಕಂಪ್ಯೂಟರಿಗೆ ಗೊತ್ತು. ಮಾವ ಏನು ನುಂಗಿದರು ಎಂದು ಅದಕ್ಕೆ ಯಾರು ಹೇಳಬೇಕು? ಐದು ದಿನಕ್ಕೆಂದು ಬರೆದ ಮಾತ್ರೆಯನ್ನು ಯಾರೂ ತೆಗೆಯದಿದ್ದರೆ ವರ್ಷವಾದರೂ ಪಟ್ಟಿಯಲ್ಲೇ ಕೂತಿರುತ್ತದೆ. ಸರ್ಕಾರದ ಆರೋಗ್ಯ ಖಾತೆಯ 14 ಅಂಕಿಯ ಆಭಾ ಸಂಖ್ಯೆ ಇದ್ದರೂ, ಅದಕ್ಕೆ ಜೋಡಿಸಿದ ದಾಖಲೆ ಮಾತ್ರ ಸಿಗುತ್ತದೆ. ಚೀಟಿ ಇಲ್ಲದೆ ಅಂಗಡಿಯಿಂದ ತಂದ ಗುಳಿಗೆ ಅಲ್ಲಿ ಇರುವುದಿಲ್ಲ.

ನನಗೆ ಅನುಮಾನ ಪಟ್ಟಿಯಲ್ಲಿಲ್ಲದ ಆ ಎರಡರ ಮೇಲೆ. ಬಿಪಿಗೆ ಕೊಡುವ ಆಮ್ಲೋಡಿಪಿನ್ ಹತ್ತಾರು ಹೆಸರಿನಲ್ಲಿ ಸಿಗುತ್ತದೆ. ಮಂಗಳೂರಿನವರು ಒಂದು ಕಂಪನಿಯದ್ದು, ಕುಮಟಾದವರು ಇನ್ನೊಂದರದ್ದು ಬರೆದರೆ ಮನೆಯಲ್ಲಿ ಎರಡೂ ಹೊಟ್ಟೆಗೆ ಹೋಗುತ್ತವೆ. ಬಿಪಿಯದೇ ಇನ್ನೊಂದು ಔಷಧ ಟೆಲ್ಮಿಸಾರ್ಟನ್ ಜೊತೆ ಒಂದೇ ಮಾತ್ರೆಯಲ್ಲೂ ಅದು ಸೇರಿರುತ್ತದೆ, ಆಗಂತೂ ಗುರುತೇ ಸಿಗದು. ಆಮ್ಲೋಡಿಪಿನ್ ಜಾಸ್ತಿಯಾದಷ್ಟೂ ಪಾದ ಊದುವುದು ಜಾಸ್ತಿ. ಮೊಣಕಾಲು ನೋವಿಗೆ ನುಂಗುವ ಡೈಕ್ಲೋಫೆನಾಕ್ ಕೂಡ ಊತ ತರುತ್ತದೆ, ಬಿಪಿ ಏರಿಸುತ್ತದೆ. ಹೃದ್ರೋಗ ಇದ್ದವರಿಗೆ ಅದು ಬೇಡ. ಆದರೆ ಹೃದಯ ಸೋತಾಗಲೂ ಪಾದ ಊದುತ್ತದೆ. ಅದಕ್ಕೇ ಈ ವಾರವೇ ತೋರಿಸಿ. ಮಲಗಿದಾಗ ಉಸಿರು ಕಟ್ಟಿದಂತಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಹೋಗುವಾಗ ಪ್ರಿಂಟ್ ಒಂದನ್ನೇ ಒಯ್ಯಬೇಡಿ. ಎಲ್ಲ ಸ್ಟ್ರಿಪ್, ಅರಿಷ್ಟದ ಬಾಟಲಿ, ನಾಟಿ ವೈದ್ಯರು ಕೊಟ್ಟ ಬೇರು, ಎಲ್ಲ ಕೈಚೀಲಕ್ಕೆ ತುಂಬಿಕೊಳ್ಳಿ. ನಮ್ಮ ಕಡೆ ಕಷಾಯವನ್ನು ಯಾರೂ ಔಷಧದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಲ್ವಾ? ಅದನ್ನೂ ಹೇಳಿ. ಬಿಟ್ಟ ಮಾತ್ರೆಯನ್ನೂ ಹೇಳಿ. ಬಸ್ಸಿನಲ್ಲಿ ದೂರ ಹೋಗುವ ದಿನ ಮೂತ್ರದ ಮಾತ್ರೆ ಬಿಡುವವರು ಬಹಳ. ಬೈಯುತ್ತಾರೆಂದು ಸುಮ್ನೆ ಮುಚ್ಚಿಟ್ಟರೆ, ಮಾತ್ರೆ ಸಾಲುತ್ತಿಲ್ಲವೆಂದು ವೈದ್ಯರು ಡೋಸ್ ಏರಿಸಿಬಿಡಬಹುದು. ಎದುರು ಕೂತಾಗಲೇ ಹಳೆಯದನ್ನು ಕಂಪ್ಯೂಟರಿನಿಂದ ತೆಗೆಸಿ.

ಮನೆಯಲ್ಲಿಲ್ಲದ ಆ ಮೂರರಲ್ಲಿ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟ ಆಸ್ಪಿರಿನ್ ಅಥವಾ ಕ್ಲೋಪಿಡೊಗ್ರೆಲ್ ಇದೆಯೇ ನೋಡಿ. ಇದ್ದರೆ ವಾರ ಕಾಯಬೇಡಿ, ಇವತ್ತೇ ಹೃದಯದ ವೈದ್ಯರಿಗೆ ಫೋನ್ ಮಾಡಿ.