ಮಾತ್ರೆ ನಿಲ್ಲಿಸುವ ಮುನ್ನ ಯಾರನ್ನು ಕೇಳಿದಿರಿ?

ಏಪ್ರಿಲ್ 19, 2020

ಲಾಕ್‌ಡೌನ್ ಮೇ 3ರವರೆಗೆ ಮುಂದುವರಿದಿದೆ. ನಾಲ್ಕು ವಾರಗಳಿಂದ ಬಂದು ಸೇರಿರುವ ಪತ್ರ, ಸಂದೇಶಗಳನ್ನೆಲ್ಲ ಈ ಭಾನುವಾರ ಕೂತು ಓದಿದೆ. ಅರ್ಧಕ್ಕಿಂತ ಹೆಚ್ಚು ಜನ ಕೇಳಿರುವುದು ತರಕಾರಿ, ಹಾಲಿನ ಪ್ಯಾಕೆಟ್, ದಿನಪತ್ರಿಕೆ ಮತ್ತು ನೋಟುಗಳ ಬಗ್ಗೆ. ಆ ರಾಶಿಯ ನಡುವೆ ಹೂತು ಹೋಗಿದ್ದ ಕೆಲವು ಪತ್ರಗಳನ್ನು ಓದಿ ನನಗೆ ನಿಜಕ್ಕೂ ಭಯವಾಯಿತು. ಅವನ್ನು ಬರೆದವರಿಗೆ ತಾವು ಅಪಾಯದಲ್ಲಿದ್ದೇವೆ ಎಂಬುದೇ ಗೊತ್ತಿಲ್ಲ. ಹಾಗಾಗಿ ಈ ಸಲದ ಜಾಗವನ್ನು ಅವರಿಗೇ ಕೊಡುತ್ತೇನೆ. ಕೈ ತೊಳೆಯುವುದು ಹೇಗೆ, ಎಷ್ಟು ದೂರ ನಿಲ್ಲಬೇಕು ಎಂದು ಇಲ್ಲಿ ಬರೆಯುವುದಿಲ್ಲ. ಯಾರಿಗೆ ಫೋನ್ ಮಾಡಿದರೂ ಮೊದಲು ಕೆಮ್ಮಿನ ಸದ್ದು, ಆಮೇಲೆ ಅದೇ ಪಾಠ ಕೇಳಿಸುತ್ತಿದೆ, ಅಷ್ಟು ಸಾಕು.

ಮೊದಲ ಪತ್ರ: ನಮ್ಮ ತಂದೆಗೆ 67 ವರ್ಷ. ಹನ್ನೆರಡು ವರ್ಷಗಳಿಂದ ಬಿಪಿ, ಆರು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ದಿನವೂ ಬೆಳಿಗ್ಗೆ ಟೆಲ್ಮಿಸಾರ್ಟನ್ ಎಂಬ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಈ ಮಾತ್ರೆ ತಿನ್ನುವವರಿಗೆ ಕೊರೊನಾ ಬೇಗ ತಗಲುತ್ತದೆ, ತಗಲಿದರೆ ಉಳಿಯುವುದಿಲ್ಲ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂತು. ಹತ್ತು ದಿನಗಳಿಂದ ನಿಲ್ಲಿಸಿದ್ದೇವೆ. ಬದಲಿಗೆ ಶುಂಠಿ, ಮೆಣಸು, ತುಳಸಿ, ಅತಿಮಧುರ ಹಾಕಿದ ಕಷಾಯವನ್ನು ದಿನಕ್ಕೆ ಮೂರು ಲೋಟ ಕೊಡುತ್ತಿದ್ದೇವೆ. ಯಾವ ತೊಂದರೆಯೂ ಕಾಣಿಸಿಲ್ಲ. ಹೀಗೆಯೇ ಮುಂದುವರಿಸಬಹುದೇ? (ಓದುಗರು, ಭದ್ರಾವತಿ)

ಮುಂದುವರಿಸಬಾರದು. ನಿಮ್ಮ ಪತ್ರದಲ್ಲಿ ಫೋನ್ ಸಂಖ್ಯೆ ಇದ್ದುದರಿಂದ, ಇದು ಅಚ್ಚಾಗುವವರೆಗೆ ಕಾಯದೆ ಆ ಹೊತ್ತಿಗೇ ನಿಮಗೆ ಕರೆ ಮಾಡಿದೆ. ಪಕ್ಕದ ಬೀದಿಯ ನರ್ಸ್ ಬಂದು ನೋಡಿದಾಗ ನಿಮ್ಮ ತಂದೆಯ ರಕ್ತದೊತ್ತಡ 176/104 ಇತ್ತು. ‘ಯಾವ ತೊಂದರೆಯೂ ಕಾಣಿಸಿಲ್ಲ’ ಎಂದು ಬರೆದಿದ್ದಿರಿ. ಏರಿದ ರಕ್ತದೊತ್ತಡ ನೋಯುವುದಿಲ್ಲ, ಉರಿಯುವುದಿಲ್ಲ, ಕೆಮ್ಮಿಸುವುದಿಲ್ಲ. ಮಾತ್ರೆ ಬಿಟ್ಟ ಮೊದಲ ಎರಡು ಮೂರು ದಿನ ಹಳೆಯ ಮಾತ್ರೆಯ ಪ್ರಭಾವವೇ ಸ್ವಲ್ಪ ಉಳಿದಿರುತ್ತದೆ. ಆಮೇಲೆ ಒತ್ತಡ ಸದ್ದಿಲ್ಲದೆ ಏರುತ್ತದೆ. ಏರಿದ್ದು ಎಷ್ಟೋ ಜನರಿಗೆ ತಿಳಿಯುವುದು ಪಾರ್ಶ್ವವಾಯು ಬಡಿದು ಬಾಯಿ ಒಂದು ಕಡೆಗೆ ಸೊಟ್ಟಗಾದಾಗ.

ಹೀಗೆ ಮಾತ್ರೆ ನಿಲ್ಲಿಸಿದ ಬಗ್ಗೆ ಬಂದಿರುವುದು ನಿಮ್ಮದೊಂದೇ ಪತ್ರವಲ್ಲ. ಶಿಕಾರಿಪುರ, ಕಡೂರು, ದೂರದ ಮಸ್ಕತ್‌ನಿಂದಲೂ ಇದೇ ಪ್ರಶ್ನೆ ಬಂದಿದೆ. ಆದ್ದರಿಂದ ಈ ಸಂದೇಶ ಎಲ್ಲಿಂದ ಹುಟ್ಟಿತು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಪೂರ್ತಿ ಕಟ್ಟುಕತೆಯಲ್ಲ. ಅರ್ಧ ನಿಜ. ಅದಕ್ಕಾಗಿಯೇ ಓದು ಬರಹ ಬಲ್ಲವರೂ ನಂಬಿದ್ದಾರೆ.

ಕೊರೊನಾ ವೈರಸ್ ನಮ್ಮ ಜೀವಕೋಶದೊಳಗೆ ನುಗ್ಗಲು ಕೋಶದ ಹೊರಮೈಯಲ್ಲಿರುವ ಎಸಿಇ2 ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಇದು ನಿಜ. ಬಿಪಿಗೆ ಕೊಡುವ ಎರಡು ಗುಂಪಿನ ಮಾತ್ರೆಗಳು, ಅಂದರೆ ‘ಪ್ರಿಲ್’ ಎಂದು ಕೊನೆಯಾಗುವ ಎನಾಲಪ್ರಿಲ್, ರಾಮಿಪ್ರಿಲ್ ಮತ್ತು ‘ಸಾರ್ಟನ್’ ಎಂದು ಕೊನೆಯಾಗುವ ಟೆಲ್ಮಿಸಾರ್ಟನ್, ಲೋಸಾರ್ಟನ್, ಎಸಿಇ2 ಕೂಡ ಸೇರಿರುವ, ರಕ್ತದೊತ್ತಡ ನೋಡಿಕೊಳ್ಳುವ ದೇಹದ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತವೆ. ಕೆಲವು ಪ್ರಾಣಿ ಪ್ರಯೋಗಗಳಲ್ಲಿ ಈ ಔಷಧಗಳಿಂದ ಎಸಿಇ2 ಹೆಚ್ಚಾದದ್ದು ಕಂಡಿದೆ. ಅದೂ ನಿಜ. ‘ಹಾಗಿದ್ದರೆ ಈ ಮಾತ್ರೆ ತೆಗೆದುಕೊಳ್ಳುವ ಮನುಷ್ಯರಿಗೆ ಅಪಾಯ ಹೆಚ್ಚಿರಬಹುದೇ?’ ಎಂದು ಕೆಲವು ಸಂಶೋಧಕರು ಮಾರ್ಚ್‌ನಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಶಂಕೆ ಎತ್ತಿದರು. ಶಂಕೆ ಎತ್ತುವುದು ಸಂಶೋಧಕರ ಕೆಲಸ. ಆದರೆ ವಾಟ್ಸ್‌ಆ್ಯಪ್‌ಗೆ ಬರುವಷ್ಟರಲ್ಲಿ ಆ ಪ್ರಶ್ನಾರ್ಥಕ ಚಿಹ್ನೆ ಬಿದ್ದು ಹೋಗಿತ್ತು. ಇದೇ ಮಾತ್ರೆಗಳು ಶ್ವಾಸಕೋಶವನ್ನು ಕಾಪಾಡಲೂಬಹುದು ಎಂದು ಬೇರೆ ಸಂಶೋಧಕರು ವಾದಿಸುತ್ತಿದ್ದಾರೆ. ಆ ಅರ್ಧವನ್ನು ಯಾರೂ ಯಾರಿಗೂ ಕಳಿಸಲಿಲ್ಲ.

ಮಾರ್ಚ್ 13ರಂದು ಯುರೋಪಿನ ಹೃದ್ರೋಗ ತಜ್ಞರ ಸಂಘ, 17ರಂದು ಅಮೆರಿಕದ ಹೃದ್ರೋಗ ಸಂಸ್ಥೆಗಳು ಈ ವಿಷಯವನ್ನೇ ಎತ್ತಿಕೊಂಡು ಸ್ಪಷ್ಟವಾಗಿ ಹೇಳಿವೆ: ಮಾತ್ರೆ ನಿಲ್ಲಿಸಬೇಡಿ. ಈ ಔಷಧಗಳಿಂದ ಮನುಷ್ಯರಲ್ಲಿ ಕೊರೊನಾ ಉಲ್ಬಣಿಸುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ನಿಲ್ಲಿಸಿದರೆ ಆಗುವ ಹಾನಿಗೆ ದಶಕಗಳ ಪುರಾವೆ ಇದೆ. ನನ್ನ ತಾಯಿಗೆ 81 ವರ್ಷ. ಅವರು ತೆಗೆದುಕೊಳ್ಳುವುದು ಇದೇ ಟೆಲ್ಮಿಸಾರ್ಟನ್. ಇವತ್ತು ಬೆಳಿಗ್ಗೆಯೂ ಕೊಟ್ಟು ಬಂದಿದ್ದೇನೆ.

‘ಚೀನಾದಲ್ಲಿ ಸತ್ತವರಲ್ಲಿ ಬಿಪಿ ಇದ್ದವರೇ ಹೆಚ್ಚಲ್ಲವೇ’ ಎಂದು ನೀವು ಫೋನ್‌ನಲ್ಲಿ ಕೇಳಿದಿರಿ. ಸತ್ತವರಲ್ಲಿ ವಯಸ್ಸಾದವರು ಹೆಚ್ಚು. ವಯಸ್ಸಾದವರಲ್ಲಿ ಬಿಪಿ ಹೆಚ್ಚು. ಲೆಕ್ಕ ಹಾಕಿದರೆ ಸತ್ತವರಲ್ಲಿ ನರೆಗೂದಲಿನವರೂ ಹೆಚ್ಚೇ ಇರುತ್ತಾರೆ. ಹಾಗೆಂದು ಕೂದಲಿಗೆ ಬಣ್ಣ ಹಚ್ಚಿದರೆ ಜೀವ ಉಳಿಯುತ್ತದೆ ಎನ್ನಲಾಗುವುದಿಲ್ಲ. ಒಂದು ವೇಳೆ ಬಿಪಿ, ಸಕ್ಕರೆ ಕಾಯಿಲೆ ಇದ್ದವರನ್ನು ಈ ರೋಗ ಹೆಚ್ಚು ಕಾಡುವುದೇ ನಿಜವಾದರೂ ಅದರಿಂದ ಹೊರಡುವ ಬುದ್ಧಿವಾದ ಒಂದೇ: ಅವೆರಡನ್ನೂ ಹತೋಟಿಯಲ್ಲಿಡಿ. ಹತೋಟಿಯಲ್ಲಿಡುವುದು ಮಾತ್ರೆ.

ಈಗ ಕಷಾಯದ ವಿಷಯ. ನಾನು ಕಷಾಯದ ಶತ್ರುವಲ್ಲ. ನಮ್ಮ ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಕಳೆಯುವುದೇ ಕಷಾಯದಲ್ಲಿ. ಶುಂಠಿ, ಮೆಣಸು, ಜೀರಿಗೆ ಗಂಟಲಿಗೆ ಹಿತ. ಆದರೆ ನೀವು ಹಾಕುತ್ತಿರುವ ಅತಿಮಧುರ (ಜ್ಯೇಷ್ಠಮಧು ಎಂದು ಗ್ರಂಥಿಗೆ ಅಂಗಡಿಯಲ್ಲಿ ಕೊಡುವುದೂ ಅದನ್ನೇ) ಹಾಗಲ್ಲ. ಅದರಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶ ದೇಹದಲ್ಲಿ ಉಪ್ಪು, ನೀರನ್ನು ಹಿಡಿದಿಡುತ್ತದೆ, ಪೊಟ್ಯಾಸಿಯಂ ಅನ್ನು ಹೊರಗೆ ಕಳಿಸುತ್ತದೆ. ಅಂದರೆ ರಕ್ತದೊತ್ತಡ ಏರುತ್ತದೆ. ಪೊಟ್ಯಾಸಿಯಂ ತೀರಾ ಇಳಿದರೆ ಹೃದಯದ ಬಡಿತದ ಲಯವೇ ತಪ್ಪುತ್ತದೆ. ಗಂಟಲು ಕೆಟ್ಟಾಗ ಒಂದು ದಿನ ಒಂದು ಚೂರು ಬಾಯಲ್ಲಿಟ್ಟುಕೊಂಡರೆ ಏನೂ ಆಗುವುದಿಲ್ಲ. ಬಿಪಿ ಇರುವ 67ರ ಮನುಷ್ಯನಿಗೆ ದಿನಕ್ಕೆ ಮೂರು ಲೋಟದಂತೆ ಹತ್ತು ದಿನ! ಒತ್ತಡ ಇಳಿಸುವ ಮಾತ್ರೆಯನ್ನು ಕಸಿದುಕೊಂಡು, ಏರಿಸುವ ಬೇರನ್ನು ಕುಡಿಸಿದ್ದೀರಿ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಇನ್ನೂ ಅಪಾಯ. ಅವರಲ್ಲಿ ಪೊಟ್ಯಾಸಿಯಂ ಮೊದಲೇ ಕಡಿಮೆಯಾಗುತ್ತಿರುತ್ತದೆ. ಕಷಾಯಕ್ಕೆ ಬೆಲ್ಲ ಹಾಕುತ್ತೀರೋ ಇಲ್ಲವೋ ಬರೆದಿಲ್ಲ. ಹಾಕುತ್ತಿದ್ದರೆ ಅವರ ಸಕ್ಕರೆಯನ್ನೂ ಪರೀಕ್ಷಿಸಿ.

ಇಷ್ಟು ಒರಟಾಗಿ ಬರೆಯಲು ಕಾರಣವಿದೆ. ಕಳೆದ ಬುಧವಾರ ಬೆಳಗಿನ ಐದು ಗಂಟೆಗೆ ಅಡಿಕೆ ತೋಟದ ಹಿರಿಯರೊಬ್ಬರನ್ನು ಮಗ ಜೀಪಿನಲ್ಲಿ ಕರೆತಂದ. ನನಗೆ ಹದಿನೈದು ವರ್ಷಗಳ ಪರಿಚಯ. ಅವರೂ ಇದೇ ಸಂದೇಶ ಓದಿ ಮಾತ್ರೆ ಬಿಟ್ಟಿದ್ದರು. ಹಿಂದಿನ ರಾತ್ರಿ ಊಟದ ಹೊತ್ತಿಗೇ ಬಲಗೈ ಜೋಮು ಹಿಡಿದಿತ್ತು, ತುತ್ತು ಜಾರಿತ್ತು, ಮಾತು ತೊದಲಿತ್ತು. ಆಸ್ಪತ್ರೆಗೆ ಹೋದರೆ ಕೊರೊನಾ ಅಂಟೀತು ಎಂದು ಬೆಳಗಿನವರೆಗೆ ಕಾದರು. ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅವರು ಬಂದಾಗ ಎಂಟು ಗಂಟೆ ಕಳೆದಿತ್ತು. ಜೀವ ಉಳಿದಿದೆ. ಬಲಗೈ ಇನ್ನೂ ಎತ್ತಲಾಗುತ್ತಿಲ್ಲ. ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವರಿಗೆ ಹೆಸರು ಬಾಯಿಗೆ ಬರುತ್ತಿಲ್ಲ. ಅವರಿಗೆ ಕೊರೊನಾ ಇರಲಿಲ್ಲ.

ಮಾತ್ರೆ ನಿಲ್ಲಿಸಿರುವ ಇತರರೂ ಕೇಳಿಸಿಕೊಳ್ಳಿ. ಮೊದಲು ತೆಗೆದುಕೊಳ್ಳುತ್ತಿದ್ದ ಅಳತೆಯಲ್ಲೇ ಇವತ್ತೇ ಶುರುಮಾಡಿ. ಬಿಟ್ಟ ದಿನಗಳ ಲೆಕ್ಕ ತುಂಬಲು ಎರಡೆರಡು ನುಂಗಬೇಡಿ. ವಾಂತಿ ಭೇದಿ ಆಗುತ್ತಿದ್ದರೆ, ಊಟ ನೀರು ಸೇರದಿದ್ದರೆ, ರಕ್ತದೊತ್ತಡದ ಮೇಲಿನ ಸಂಖ್ಯೆ ನೂರಕ್ಕಿಂತ ಕೆಳಗಿದ್ದರೆ ಮಾತ್ರ ಮೊದಲು ವೈದ್ಯರಿಗೆ ಫೋನ್ ಮಾಡಿ. ಅಟೆನೊಲಾಲ್, ಮೆಟೊಪ್ರೊಲಾಲ್ ಎಂಬ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಒಮ್ಮೆಲೇ ಬಿಡುವುದು ಇನ್ನೂ ಕೆಟ್ಟದ್ದು. ಬಿಟ್ಟ ಕೆಲವೇ ದಿನಗಳಲ್ಲಿ ಎದೆನೋವು ಮರುಕಳಿಸಬಹುದು. ಅಂಥವರು ಬಿಟ್ಟು ಹಲವು ದಿನಗಳಾಗಿದ್ದರೆ ಮತ್ತೆ ಶುರುಮಾಡುವ ಮೊದಲು ವೈದ್ಯರನ್ನು ಕೇಳಿ.

‘ಚೀಟಿ ಹಳೆಯದು, ವೈದ್ಯರ ಬಳಿ ಹೋಗಲಾಗದು’ ಎಂಬ ನೆಪ ಈಗ ನಡೆಯುವುದಿಲ್ಲ. ಫೋನ್, ವಿಡಿಯೊ, ಸಂದೇಶದ ಮೂಲಕ ಸಲಹೆ ನೀಡಿ ಔಷಧಿ ಬರೆದುಕೊಡಲು ವೈದ್ಯರಿಗೆ ಮಾರ್ಚ್ 25ರಂದೇ ಸರ್ಕಾರದ ಮಾರ್ಗಸೂಚಿ ಬಂದಿದೆ. ಔಷಧಿ ಅಂಗಡಿಗಳು ತೆರೆದಿವೆ. ಹಳ್ಳಿಗಳಲ್ಲಿರುವವರು ಆಶಾ ಕಾರ್ಯಕರ್ತೆಗೆ ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಸಾಧ್ಯವಾದರೆ ಎರಡು ತಿಂಗಳಿಗಾಗುವಷ್ಟು ಒಟ್ಟಿಗೆ ತಂದಿಟ್ಟುಕೊಳ್ಳಿ.

ಇನ್ನೊಂದು ಮಾತು. ‘ಬಿಪಿ, ಶುಗರ್ ಎರಡನ್ನೂ ನಲವತ್ತು ದಿನಗಳಲ್ಲಿ ಬೇರುಸಹಿತ ಕೀಳುತ್ತೇವೆ, ಜೊತೆಗೆ ಕೊರೊನಾ ಹತ್ತಿರ ಸುಳಿಯುವುದಿಲ್ಲ’ ಎಂದು ಫೋನ್‌ನಲ್ಲೇ ಪುಡಿ ಮಾರುವವರು ಈ ತಿಂಗಳು ಹೆಚ್ಚಾಗಿದ್ದಾರೆ. ನನ್ನ ರೋಗಿಯೊಬ್ಬರು 1,200 ರೂಪಾಯಿ ಕಳಿಸಿ ತರಿಸಿದ ಪೊಟ್ಟಣದ ಮೇಲೆ ಒಳಗೆ ಏನಿದೆ ಎಂಬ ಒಂದಕ್ಷರವೂ ಇರಲಿಲ್ಲ. ಜನ ಹೆದರಿರುವಾಗ ಅವರ ಜೇಬಿಗೆ ಕೈ ಹಾಕುವವರನ್ನು ವೈದ್ಯರೆಂದು ಕರೆಯಬೇಡಿ. ಅವರು ಮಾತ್ರೆ ಬಿಡಿ ಎಂದರೆ ಫೋನ್ ಇಡಿ.

ನನ್ನ ಬಿಪಿ ಮಾತ್ರೆಯ ಹಾಳೆಯ ಮೇಲೆ ‘ಹೈಡ್ರೋಕ್ಲೋರೋಥಯಾಜೈಡ್’ ಎಂದಿದೆ. ಟಿವಿಯಲ್ಲಿ ಹೇಳುತ್ತಿರುವ ಕೊರೊನಾ ಔಷಧ ಇದೇ ಅಲ್ಲವೇ? ಮನೆಯವರೆಲ್ಲರೂ ತೆಗೆದುಕೊಳ್ಳಬಹುದೇ? (ಓದುಗರು, ಹಾಸನ)

ಅಲ್ಲ. ಹೆಸರಿನ ಮೊದಲರ್ಧ ಕಿವಿಗೆ ಒಂದೇ ರೀತಿ ಕೇಳಿಸುತ್ತದೆ, ಅಷ್ಟೇ. ನಿಮ್ಮದು ಮೂತ್ರ ಹೆಚ್ಚಿಸಿ ರಕ್ತದೊತ್ತಡ ಇಳಿಸುವ ಮಾತ್ರೆ. ಆರೋಗ್ಯವಾಗಿರುವ ಮಕ್ಕಳಿಗೆ ದಯವಿಟ್ಟು ಕೊಡಬೇಡಿ.

ಟಿವಿಯಲ್ಲಿ ಹೇಳುತ್ತಿರುವುದು ಹೈಡ್ರಾಕ್ಸಿಕ್ಲೋರೊಕ್ವಿನ್. ಅದನ್ನೂ ನೀವಾಗಿ ತೆಗೆದುಕೊಳ್ಳಬಾರದು. 2020ರ ಮಾರ್ಚ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಅದನ್ನು ಸೂಚಿಸಿದ್ದು ಕೊರೊನಾ ರೋಗಿಗಳನ್ನು ನೋಡಿಕೊಳ್ಳುವ ಆರೋಗ್ಯ ಸಿಬ್ಬಂದಿಗೆ ಮತ್ತು ಸೋಂಕು ದೃಢಪಟ್ಟವರ ಮನೆಯವರಿಗೆ, ಅದೂ ವೈದ್ಯರ ನಿಗಾದಲ್ಲಿ. ಅದು ಕೆಲವರ ಹೃದಯದ ಲಯವನ್ನು ಕೆಡಿಸುತ್ತದೆ. ಅಜಿತ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಜೊತೆ ಸೇರಿದರೆ ಆ ಅಪಾಯ ಹೆಚ್ಚು. ಚೀಟಿಯಿಲ್ಲದೆ ಮಾರದಂತೆ ಮಾರ್ಚ್ ಕೊನೆಯಲ್ಲಿ ಸರ್ಕಾರ ಬಿಗಿ ಮಾಡುವ ಮೊದಲೇ ಎಷ್ಟೋ ಜನ ಕೊಂಡು ಬೀರುವಿನಲ್ಲಿಟ್ಟುಕೊಂಡರು. ಅದನ್ನು ವರ್ಷಗಳಿಂದ ನಂಬಿಕೊಂಡಿರುವ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ದಾಳಿ ಮಾಡುವ ಕಾಯಿಲೆ) ಮತ್ತು ಸಂಧಿವಾತದ ರೋಗಿಗಳು ಈಗ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದಾರೆ. ನಿಮ್ಮ ಬೀರುವಿನಲ್ಲಿದ್ದರೆ ಅಂಥವರಿಗೆ ತಲುಪಿಸಲು ಔಷಧಿ ಅಂಗಡಿಯವರನ್ನು ಕೇಳಿ ನೋಡಿ.

ಬೇಸಿಗೆಯ ಬಿಸಿಲಿಗೆ ವೈರಸ್ ಸಾಯುವುದಿಲ್ಲವೇ?

ದೇಶದ ಮೊದಲ ಕೊರೊನಾ ಸಾವು ದಾಖಲಾದದ್ದು ಬಿಸಿಲ ನಾಡಾದ ನಮ್ಮ ಕಲಬುರಗಿಯ ವೃದ್ಧರೊಬ್ಬರದು.

ಹತ್ತು ಸೆಕೆಂಡ್ ಉಸಿರು ಹಿಡಿದರೆ ಕೊರೊನಾ ಇಲ್ಲ ಎಂದು ಅರ್ಥವೇ?

ಇಲ್ಲ. ಸೋಂಕು ತಗಲಿದ ಯುವಕರು ಒಂದು ನಿಮಿಷವೂ ಹಿಡಿದಾರು; ಸೋಂಕಿಲ್ಲದ ಆಸ್ತಮಾ ರೋಗಿ ಐದು ಸೆಕೆಂಡಿಗೇ ಸೋತಾರು.

ತರಕಾರಿಯನ್ನು ಬಟ್ಟೆ ಸೋಪಿನ ಪುಡಿಯಲ್ಲಿ ನೆನೆಸಿಡುತ್ತೇವೆ. ಎಷ್ಟು ಹೊತ್ತು ಇಡಬೇಕು?

ಒಂದು ನಿಮಿಷವೂ ಬೇಡ. ಹರಿಯುವ ನೀರಿನಲ್ಲಿ ತೊಳೆಯಿರಿ, ಆಮೇಲೆ ನಿಮ್ಮ ಕೈಯನ್ನು ಸೋಪಿನಿಂದ ತೊಳೆಯಿರಿ. ಸೋಪಿನ ಪುಡಿ ಹೊಟ್ಟೆಗೆ ಹೋದರೆ ವಾಂತಿ ಖಂಡಿತ.

ಕೋಳಿ, ಮೊಟ್ಟೆ?

ಚೆನ್ನಾಗಿ ಬೇಯಿಸಿ ತಿನ್ನಿ. ಕೋಳಿಯಿಂದ ಕೊರೊನಾ ಬರುತ್ತದೆ ಎಂಬ ಒಂದು ಸುಳ್ಳಿಗೆ ಬೆಳಗಾವಿ ಜಿಲ್ಲೆಯಲ್ಲಿ ಸಾಕಣೆಗಾರರು ಸಾವಿರಾರು ಕೋಳಿಗಳನ್ನು ಜೀವಂತ ಹೂಳಬೇಕಾಯಿತು. ಆ ಸಂದೇಶವನ್ನು ಮುಂದಕ್ಕೆ ಕಳಿಸಿದ ಪ್ರತಿಯೊಬ್ಬರೂ ಆ ಗುಂಡಿಯನ್ನು ನೆನಪಿಡಬೇಕು.

ನಮ್ಮ ಬಡಾವಣೆಯ ಗೇಟಿನಲ್ಲಿ ಬರುವವರ ಮೈಮೇಲೆ ಬ್ಲೀಚಿಂಗ್ ನೀರು ಸಿಂಪಡಿಸುವ ವ್ಯವಸ್ಥೆ ಮಾಡುತ್ತಿದ್ದೇವೆ. ಸಲಹೆ ಕೊಡಿ.

ಕಿತ್ತು ಹಾಕಿ. ಅದು ನೆಲಕ್ಕೆ, ಬಾಗಿಲ ಹಿಡಿಗೆ ಬಳಸುವ ದ್ರಾವಣ. ಕಣ್ಣು, ಚರ್ಮ, ಶ್ವಾಸನಾಳವನ್ನು ಸುಡುತ್ತದೆ. ಮನುಷ್ಯರ ಮೇಲೆ ಸಿಂಪಡಿಸಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯ ಇದೇ 18ರಂದು ಹೇಳಿದೆ. ಮನೆಗೆಲಸದವರನ್ನು, ಹಾಲಿನವರನ್ನು ಹೀಗೆ ನಡೆಸಿಕೊಳ್ಳಬಾರದು ಎಂಬುದಕ್ಕೆ ಸಚಿವಾಲಯದ ಸೂಚನೆಗೆ ಕಾಯಬೇಕಿರಲಿಲ್ಲ.

ಕುಡಿತ ಸಿಗದೆ ತಮ್ಮನ ಕೈ ನಡುಗುತ್ತಿದೆ, ರಾತ್ರಿ ಏನೇನೋ ಕಾಣಿಸುತ್ತದೆ ಎನ್ನುತ್ತಾನೆ. ಲಾಕ್‌ಡೌನ್‌ನಿಂದಲಾದರೂ ಚಟ ಬಿಡಲಿ ಎಂದು ಕೋಣೆಯಲ್ಲಿ ಕೂಡಿಹಾಕಿದ್ದೇವೆ.

ಈ ಪತ್ರವನ್ನೂ ಮೊದಲೇ ಓದಬೇಕಿತ್ತು. ಬಾಗಿಲು ತೆಗೆದು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದಾಗ ನಡುಕ, ಭ್ರಮೆ, ಫಿಟ್ಸ್ ಬರುತ್ತವೆ. ಚಿಕಿತ್ಸೆ ಸಿಗದಿದ್ದರೆ ಸಾಯುವವರೂ ಇದ್ದಾರೆ. ಕಳ್ಳತನದಲ್ಲಿ ಸಿಕ್ಕಿದ್ದನ್ನಾಗಲಿ, ಸ್ಯಾನಿಟೈಸರ್ ಅನ್ನಾಗಲಿ ಕುಡಿಯಲು ಬಿಡಬೇಡಿ. ಮದ್ಯ ಕೊರೊನಾ ಕೊಲ್ಲುತ್ತದೆಂದು ನಂಬಿ ಮಿಥನಾಲ್ ಬೆರೆತದ್ದನ್ನು ಕುಡಿದು ಇರಾನ್‌ನಲ್ಲಿ ನೂರಾರು ಜನ ಸತ್ತಿದ್ದಾರೆ.

ಎದೆಯಲ್ಲಿ ಆಗಾಗ ಹಿಂಡಿದಂತಾಗುತ್ತದೆ, ಮೆಟ್ಟಿಲು ಹತ್ತಿದರೆ ಹೆಚ್ಚು. ಮೇ 3ರವರೆಗೆ ತಡೆದುಕೊಂಡರೆ ಆಗದೇ? (ಓದುಗರು, ತೀರ್ಥಹಳ್ಳಿ)

ಆಗದು. ಜೀರಿಗೆ ನೀರು ಕುಡಿದು ಕಾಯಬೇಡಿ. ನಾಳೆ ಬೆಳಿಗ್ಗೆಯೇ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಸುಮ್ಮನೆ ಕುಳಿತಿದ್ದಾಗಲೂ ನೋವು ಬಂದು ಹತ್ತು ನಿಮಿಷ ನಿಂತರೆ, ಬೆವರಿದರೆ, ಎಡಗೈಗೋ ದವಡೆಗೋ ಹರಿದರೆ ನಾಳೆಯವರೆಗೂ ಕಾಯದೆ 108ಕ್ಕೆ ಫೋನ್ ಮಾಡಿ. ಜ್ವರ, ಕೆಮ್ಮು ಇದ್ದರೆ ಅದನ್ನೂ ಫೋನ್‌ನಲ್ಲೇ ಹೇಳಿಬಿಡಿ. ಬರುವ ಸಿಬ್ಬಂದಿ ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಂಡು ಬರಲಿ. ನಿಮ್ಮ ಪತ್ರದಲ್ಲಿ ಫೋನ್ ಸಂಖ್ಯೆ ಇಲ್ಲ. ಇದನ್ನು ಓದಿದ ಕೂಡಲೇ ಪತ್ರಿಕೆಯ ಕಚೇರಿಗೆ ಕರೆ ಮಾಡಿ ನಿಮ್ಮ ಸಂಖ್ಯೆ ಕೊಡಿ, ಅವರು ನನಗೆ ತಲುಪಿಸುತ್ತಾರೆ.